ಸರಕಿನ ಹಡಗೋ, ಕ್ರೂಸೋ? ಎರಡರಲ್ಲೂ ಹೋಗಿ ಬಂದ ಮೇಲೆ

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು ನಾನು. ಮೂಟೆಗೆ 60 ಕೆ.ಜಿ., 20 ಅಡಿಯ ಕಂಟೈನರ್‌ಗೆ 320 ಮೂಟೆ. ಬಾಗಿಲಿಗೆ ಸೀಲ್ ಬಿದ್ದ ಮೇಲೆ ನಂಬರ್ ರಿಜಿಸ್ಟರ್‌ಗೆ ಹತ್ತಿಸಿ, ಲಾರಿ ಶಿರಾಡಿ ಘಾಟಿ ಇಳಿಯಿತು ಅಂದರೆ ನನ್ನ ಕೆಲಸ ಮುಗಿಯಿತು. ಆಮೇಲೆ ಆ ಡಬ್ಬ ಎಲ್ಲೆಲ್ಲಿ ಹೋಗುತ್ತೆ, ಹೇಗೆ ಹೋಗುತ್ತೆ ಅಂತ ನೋಡುವ ಆಸೆ ಮಾತ್ರ ಹಾಗೇ ಉಳಿದಿತ್ತು. ರಿಟೈರ್ ಆದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯಲ್ಲಿರುವ ಮಗಳ ಮನೆಗೆ ಹೋದವನು ಹ್ಯಾಂಬರ್ಗ್‌ನಿಂದ ಮಾಲ್ಟಾವರೆಗೆ ಹನ್ನೊಂದು ದಿನ ಕಂಟೈನರ್ ಹಡಗಿನಲ್ಲಿ ಹೋದೆ. 2023ರಲ್ಲಿ ಹೆಂಡತಿಯನ್ನು ಕರೆದುಕೊಂಡು ಸಿಂಗಾಪುರದಿಂದ ಪೆನಾಂಗ್, ಫುಕೆಟ್ ನೋಡಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್ ಮಾಡಿದೆ. ಎರಡರಲ್ಲಿ ಯಾವುದು ಅಂತ ನೆಂಟರು, ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ನನ್ನ ಓಟು ಸರಕಿನ ಹಡಗಿಗೆ. ಆದರೆ ಎಲ್ಲರಿಗೂ ಅದನ್ನೇ ಹೇಳುವುದಿಲ್ಲ.

ಸರಕಿನ ಹಡಗಿನಲ್ಲಿ ಪ್ರಯಾಣಿಕರು ಹನ್ನೆರಡು ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಹದಿಮೂರನೆಯವರು ಹತ್ತಿದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಪ್ಯಾಸೆಂಜರ್ ಹಡಗು ಅನ್ನಿಸಿಕೊಳ್ಳುತ್ತೆ, ಆಗ ಅದಕ್ಕೆ ಬೇರೆಯೇ ಕಟ್ಟುಪಾಡು. ನಾವಿದ್ದದ್ದು ಮೂವರು. ಸಿಬ್ಬಂದಿ ಇಪ್ಪತ್ತೆರಡು ಜನ. 366 ಮೀಟರ್ ಉದ್ದದ ಹಡಗಿನಲ್ಲಿ ಇಷ್ಟೇ ಜನ! ಮೊದಲ ದಿನ ಡೆಕ್ ಮೇಲೆ ಮುಂದಿನ ತುದಿವರೆಗೆ ನಡೆದು ಹೋದೆ, ಒಬ್ಬರೂ ಎದುರಾಗಲಿಲ್ಲ. ಎಂಜಿನ್ ಹಿಂದೆ ಎಲ್ಲೋ ಉಳಿದುಬಿಡುತ್ತೆ, ಅಲ್ಲಿ ಕೇಳುವುದು ನೀರು ಸೀಳುವ ಸದ್ದು ಮಾತ್ರ. ಸಮುದ್ರವನ್ನು ನಿಜವಾಗಿ ನೋಡಿದ್ದು ಅವತ್ತೇ ಅನ್ನಿಸಿತು ನನಗೆ.

ಕ್ರೂಸ್‌ನಲ್ಲಿ ನಮ್ಮ ಜೊತೆ ಮೂರು ಸಾವಿರಕ್ಕೂ ಜಾಸ್ತಿ ಜನ. ಥಿಯೇಟರ್, ಈಜುಕೊಳ, ಕ್ಯಾಸಿನೊ, ಅಂಗಡಿ ಸಾಲು, ಎಲ್ಲಾ ಇದೆ. ಬೆಳಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು ಸಿಕ್ಕಿತು. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಒಂದು ಹೊತ್ತೂ ತೊಂದರೆ ಆಗಲಿಲ್ಲ, ಅದು ಸಣ್ಣ ವಿಷಯ ಅಲ್ಲ. ಡಾಕ್ಟರ್ ಇದ್ದಾರೆ, ಲಿಫ್ಟ್ ಇದೆ. ಹೊಯ್ದಾಟ ಕಡಿಮೆ ಮಾಡಲು ಹಡಗಿನ ಎರಡೂ ಮಗ್ಗುಲಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯಂಥ ಸಾಧನ ಇರುತ್ತೆ. ಅವಳಿಗೆ ಮಂಡಿ ನೋವು, ಆದರೂ ಆರಾಮಾಗಿ ಓಡಾಡಿದಳು. ಇದೇ ಅವಳನ್ನು ಸರಕಿನ ಹಡಗಿಗೆ ಕರೆದುಕೊಂಡು ಹೋಗಿದ್ದರೆ ಹತ್ತುವ ಏಣಿಯಲ್ಲೇ ಕಷ್ಟವಾಗುತ್ತಿತ್ತು. ಹಡಗಿನ ಮಗ್ಗುಲಿಗೆ ಇಳಿಬಿಟ್ಟ, ಹೆಜ್ಜೆ ಇಟ್ಟಲ್ಲೆಲ್ಲ ಅಲುಗಾಡುವ ಅಲ್ಯೂಮಿನಿಯಂ ಮೆಟ್ಟಿಲು ಅದು.

ದುಡ್ಡಿನ ವಿಷಯ. ಸರಕಿನ ಹಡಗಿಗೆ ಮೂರು ಹೊತ್ತಿನ ಊಟ ಸೇರಿ ದಿನಕ್ಕೆ ಸುಮಾರು ನೂರು ಯೂರೋ, ಆಗಿನ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿ. ಅದರ ಮೇಲೆ ಇನ್ಶೂರೆನ್ಸ್ ಮತ್ತು ಹಾಸನದಲ್ಲೇ ಮಾಡಿಸಿದ ಮೆಡಿಕಲ್ ಸರ್ಟಿಫಿಕೇಟ್, ಅಷ್ಟೇ. ಕ್ರೂಸ್ ಟಿಕೆಟ್ ನೋಡಲು ಅಗ್ಗ. ಒಳಗೆ ಹೋದ ಮೇಲೆ ತಲೆಗೆ ಇಷ್ಟು ಅಂತ ದಿನದ ಟಿಪ್ಸ್, ವೈಫೈಗೆ ಬೇರೆ, ತಂಪು ಪಾನೀಯಕ್ಕೆ ಬೇರೆ, ಊರು ತೋರಿಸುವ ಬಸ್ಸಿಗೆ ಬೇರೆ. ಕಾರ್ಡ್ ಉಜ್ಜುತ್ತಾ ಹೋಗುತ್ತೀರಿ, ಲೆಕ್ಕ ಗೊತ್ತಾಗುವುದು ಕೊನೇ ದಿನ. ಇದು ನನಗೆ ಹಿಡಿಸಲಿಲ್ಲ.

ನನ್ನ ಮನಸ್ಸು ತುಂಬಿದ್ದು ಹಡಗಿನ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ. ಕ್ಯಾಪ್ಟನ್ ಒಪ್ಪಿದರೆ ಹೋಗಿ ನಿಲ್ಲಬಹುದು, ಬಂದರಿನ ಒಳಗೆ ಹೋಗುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿರಬೇಕು. ಸೆಕೆಂಡ್ ಆಫೀಸರ್ ಮಲ್ಪೆ ಕಡೆಯ ಹುಡುಗ. ನಾನು ಹಾಸನ ಅಂದ ತಕ್ಷಣ ಕೇಳಿದ್ದು, "ಶಿರಾಡಿ ಓಪನ್ ಆಯ್ತಾ ಸಾರ್?" ಆ ವರ್ಷದ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಘಾಟಿ ಮುಚ್ಚಿತ್ತಲ್ಲ, ಅದನ್ನು ಕೇಳಿದ್ದು. ಇಂಗ್ಲಿಷ್ ಕಾಲುವೆಯ ಮಧ್ಯೆ ರಾತ್ರಿ ಒಂದು ಗಂಟೆಗೆ ಈ ಪ್ರಶ್ನೆ ಕೇಳಿ ನನಗೆ ಗಂಟಲು ಕಟ್ಟಿತು. ದೀಪ ಓದುವುದನ್ನು ಅವನೇ ಹೇಳಿಕೊಟ್ಟ. ಕೆಂಪು ದೀಪ ಕಂಡರೆ ಎದುರಿನ ಹಡಗಿನ ಎಡ ಮಗ್ಗುಲು ನಮ್ಮ ಕಡೆ, ಹಸಿರು ಕಂಡರೆ ಬಲ ಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ.

ಚೀಫ್ ಎಂಜಿನಿಯರ್ ಒಂದು ದಿನ ಕೆಳಗೆ ಕರೆದುಕೊಂಡು ಹೋದರು. ಮೂರು ಮಹಡಿ ಎತ್ತರದ ಎಂಜಿನ್, ತಿರುಗುವುದು ನೋಡಿದರೆ ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಸುತ್ತು. ಅದರ ಎಣ್ಣೆ ಡಾಂಬರಿನ ಹಾಗೆ ಗಟ್ಟಿ, 100 ಡಿಗ್ರಿಗೂ ಮೇಲೆ ಕಾಯಿಸಿದರೇ ಉರಿಯುವುದು. ಆ ಬಿಸಿಯಲ್ಲಿ ಹತ್ತು ನಿಮಿಷ ನಿಲ್ಲುವಷ್ಟರಲ್ಲಿ ಅಂಗಿ ಮೈಗೆ ಅಂಟಿತು. ಅಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರನ್ನು ನೋಡಿದ ಮೇಲೆ ಊಟದ ಮೇಜಿನಲ್ಲಿ ಅವರಿಗೆ ಮೊದಲು ಜಾಗ ಬಿಡುತ್ತಿದ್ದೆ. ಕ್ರೂಸ್‌ನಲ್ಲೂ ಇಂಥ ಜನ ಇದ್ದೇ ಇರುತ್ತಾರೆ, ಆದರೆ ನಮಗೆ ಕಾಣುವುದಿಲ್ಲ.

ಕಷ್ಟಗಳೂ ಇವೆ. ಸರಕಿನ ಹಡಗಿನಲ್ಲಿ ಡಾಕ್ಟರ್ ಇಲ್ಲ. ನಮ್ಮ ಹಡಗಿನಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಹೊರಡುವ ತಾರೀಕು ಎರಡು ಸಲ ಬದಲಾಯಿತು, ಸರಕಿಗಾಗಿ ಹಡಗು, ನಮಗಾಗಿ ಅಲ್ಲ ಅಲ್ವಾ. ಬೆಲ್ಜಿಯಂನ ಆಂಟ್‌ವರ್ಪ್‌ ಬಂದರಿನಲ್ಲಿ ಹಡಗು ನಿಂತ ಜಾಗದಿಂದ ಊರು ದೂರ, ಟ್ಯಾಕ್ಸಿಗೆ ಕಾಯುವಷ್ಟರಲ್ಲೇ ಅರ್ಧ ದಿನ ಹೋಯಿತು. ಬಿಸ್ಕೆ ಕೊಲ್ಲಿಯಲ್ಲಿ ಎರಡು ದಿನ ಹಡಗು ತೊಟ್ಟಿಲಾಯಿತು, ಒಣಶುಂಠಿ ಬಾಯಲ್ಲಿಟ್ಟುಕೊಂಡು ಮಲಗಿದ್ದೆ. ಅಡುಗೆಯವರು ಫಿಲಿಪೀನ್ಸ್‌ನವರು, ಅನ್ನಕ್ಕೆ ಬರವಿಲ್ಲ. ಅದಕ್ಕೆ ಮನೆಯಿಂದ ಒಯ್ದಿದ್ದ ಹುಚ್ಚೆಳ್ಳು ಚಟ್ನಿಪುಡಿ. ಕಾಫಿ ಮಾತ್ರ ಇನ್‌ಸ್ಟಂಟ್, ಹಾಗಾಗಿ ಫಿಲ್ಟರ್ ಮತ್ತು ಪುಡಿ ಜೊತೆಗಿರಲಿ. ಇಷ್ಟೆಲ್ಲ ಆದರೂ ಜಿಬ್ರಾಲ್ಟರ್ ದಾಟುವಾಗ ಬಲಕ್ಕೆ ಆಫ್ರಿಕಾ, ಎಡಕ್ಕೆ ಸ್ಪೇನ್, ಎರಡೂ ಒಟ್ಟಿಗೆ ಕಂಡ ಬೆಳಗ್ಗೆಗೆ ನಾನು ಬೇರೆ ಯಾವುದನ್ನೂ ಹೋಲಿಸಲಾರೆ.

2020ರಲ್ಲಿ ಕೋವಿಡ್ ಬಂದ ಮೇಲೆ ಬಹಳಷ್ಟು ಕಂಪನಿಗಳು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸಿದವು. ಈಗ ಹುಡುಕಿದರೆ ಕೆಲವು ಸಿಗಬಹುದು, ವರ್ಷ ಮೊದಲೇ ಶುರು ಮಾಡಬೇಕು. ವಯಸ್ಸಿನ ಮಿತಿ ಇರುತ್ತೆ, ಕೇಳಿಕೊಳ್ಳಿ. ವಯಸ್ಸಾದ ತಂದೆತಾಯಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ಯೋಚನೆಯೇ ಬೇಡ, ಕ್ರೂಸ್‌ಗೆ ಹೋಗಿ.

ಸರಕಿನ ಹಡಗೇ ಅಂತ ತೀರ್ಮಾನಿಸಿದರೆ, ಕ್ಯಾಬಿನ್ ಯಾವ ಮಹಡಿಯಲ್ಲಿ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಎಷ್ಟು ಮೇಲಿದ್ದರೆ ಅಷ್ಟು ಒಳ್ಳೇದು. ನನ್ನದು ಐದನೇ ಮಹಡಿ. ಹ್ಯಾಂಬರ್ಗ್‌ನಿಂದ ಹೊರಟಾಗ ಕಿಟಕಿ ತುಂಬಾ ನದಿ ಕಾಣುತ್ತಿತ್ತು. ಆಂಟ್‌ವರ್ಪ್‌ನಲ್ಲಿ ಕ್ರೇನ್ ಒಂದು ನೀಲಿ ಕಂಟೈನರ್ ತಂದು ಕಿಟಕಿಗೆ ಎದುರಾಗಿ ಇಟ್ಟಿತು. ಮಾಲ್ಟಾದಲ್ಲಿ ನಾನು ಇಳಿಯುವವರೆಗೂ ಅದು ಅಲ್ಲೇ ಇತ್ತು.