ಕೋವಿಯನ್ನು ಕವರಿನಲ್ಲಿಟ್ಟು ಮಳೆಗಾಲ ಕಳೆಯಬೇಡಿ

ಸಕಲೇಶಪುರದ ಘಟ್ಟದಂಚಿನ ಒಂದು ತೋಟದ ಮನೆಯಲ್ಲಿ ಹನ್ನೆರಡು ಬೋರಿನ ಜೋಡು ನಳಿಗೆ ಕೋವಿ ಒಂದೇ ಮಳೆಗಾಲಕ್ಕೆ ಹಾಳಾಯಿತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇಟ್ಟುಕೊಂಡು, ವರ್ಷಕ್ಕೊಮ್ಮೆಯೂ ಈಡು ಹೊಡೆಯದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅವರೆಲ್ಲ ಇದನ್ನು ಓದಲಿ ಎಂದೇ ಬರೆಯುತ್ತಿರುವುದು.

ನಡೆದದ್ದು ಇಷ್ಟು. 2024ರ ಲೋಕಸಭಾ ಚುನಾವಣೆಗೆ ಮುಂಚೆ ಎಲ್ಲರ ಹಾಗೆ ಈ ಮನೆಯವರೂ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿದರು. ಕೊಡುವ ಮೊದಲು ನಳಿಗೆಗೆ ಕೊಬ್ಬರಿ ಎಣ್ಣೆ ಸವರಿ, ಒಳಗೆ ಸ್ಪಂಜು ಇರುವ ರೆಕ್ಸಿನ್ ಕವರಿಗೆ ತುಂಬಿ ಜಿಪ್ ಎಳೆದರು. ಜೂನ್ 4ಕ್ಕೆ ಫಲಿತಾಂಶ ಬಂತು, ಆಮೇಲೆ ಕೋವಿಯೂ ಮನೆಗೆ ಬಂತು. ಕವರ್ ಮಾತ್ರ ಯಾರೂ ಬಿಚ್ಚಲಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಲ್ಲ ಸುರಿದು ಮುಗಿದರೂ ಅದು ಬೀರುವಿನ ಮೂಲೆಯಲ್ಲಿ ಹಾಗೇ ನಿಂತಿತ್ತು. ಆಯುಧಪೂಜೆಗೆ ತೆಗೆದು ನೋಡಿದರೆ ಸ್ಪಂಜು ಒತ್ತಿಕೊಂಡಿದ್ದ ಕಡೆಯೆಲ್ಲ ಅದರ ತೂತುಗಳ ಅಚ್ಚಿನಂತೆ ಕೆಂಪು ತುಕ್ಕು. ಎಡ ನಳಿಗೆಯ ಒಳಗೆ, ತೋಟಾ ಕೂರುವ ಚೇಂಬರಿನ ಮುಂದೆ, ಗುಳಿ ಬಿದ್ದಿದೆ. ನಳಿಗೆಗಳನ್ನು ಬಿಚ್ಚಿ ದಾರದಲ್ಲಿ ತೂಗುಹಾಕಿ ಬೆರಳಿಂದ ತಟ್ಟಿದರೆ ಗಂಟೆಯ ಹಾಗೆ ಮೊಳಗಬೇಕು. ಇದು ಡಬ್ ಎಂದಿತು. ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಸಡಿಲಾಗಿದೆ, ಅದರೊಳಗೆ ತೇವ ಸೇರಿರಬಹುದು ಎಂದು ಅರ್ಥ. ಈಡು ಹೊಡೆಯಬೇಡಿ ಎಂದು ರಿಪೇರಿಯವರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮಳೆನೀರು ಇದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಉಕ್ಕಿಗೆ ತುಕ್ಕು ಹಿಡಿಯಲು ನೀರೇ ಸುರಿಯಬೇಕಿಲ್ಲ. ಗಾಳಿಯ ತೇವಾಂಶ ಶೇ. 60 ದಾಟಿದರೆ ಕೆಲಸ ಶುರುವಾಗುತ್ತದೆ. ಬೆವರಿನ ಉಪ್ಪಿರುವ ಬೆರಳಚ್ಚು ಇದ್ದರೆ ಅದಕ್ಕಿಂತ ಕಡಿಮೆಗೇ ಸಾಕು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಜುಲೈನಲ್ಲಿ ಮನೆಯೊಳಗಿನ ತೇವಾಂಶವೇ ಶೇ. 90ರ ಆಸುಪಾಸಿನಲ್ಲಿರುತ್ತದೆ. ಚಪ್ಪಲಿಗೂ ಬೂಷ್ಟು ಬರುವ ಕಾಲ ಅದು. ಬಯಲುಸೀಮೆಯ ಕಡೂರಿನಲ್ಲೋ ಅರಸೀಕೆರೆಯಲ್ಲೋ ಇದೇ ಕೋವಿ ಇದೇ ಕವರಿನಲ್ಲಿ ಬಹುಶಃ ಬಚಾವಾಗುತ್ತಿತ್ತು. ಅಲ್ಲಿನ ನೆಂಟರ ಸಲಹೆಯನ್ನು ಮಲೆನಾಡಿಗೆ ತರಬೇಡಿ.

ಸ್ಪಂಜು, ಫ್ಲಾನಲ್, ಚರ್ಮ, ಗೋಣಿ, ಹಳೇ ಪೇಪರ್ ಎಲ್ಲವೂ ತೇವ ಹೀರಿ ಹಿಡಿದುಕೊಳ್ಳುತ್ತವೆ, ಅದನ್ನು ಉಕ್ಕಿಗೆ ಒತ್ತಿ ಇಡುತ್ತವೆ, ಸವರಿದ ಎಣ್ಣೆಯನ್ನೂ ಕುಡಿಯುತ್ತವೆ. ಹದ ಮಾಡಿದ ಚರ್ಮದಲ್ಲಿ ಆಮ್ಲ ಮತ್ತು ಉಪ್ಪಿನ ಶೇಷವೂ ಇರುತ್ತದೆ. ಕವರ್ ಇರುವುದು ಜೀಪಿನಲ್ಲಿ ಸಾಗಿಸಲಿಕ್ಕೆ. ಮನೆ ಮುಟ್ಟಿದ ಮೇಲೆ ಕೋವಿ ಹೊರಗೆ ಬರಬೇಕು. ನಳಿಗೆಯ ಕಪ್ಪು ಬಣ್ಣವೇ ಕಾಪಾಡುತ್ತದೆ ಎಂಬ ನಂಬಿಕೆಯೂ ಬೇಡ. ಬ್ಲೂಯಿಂಗ್ ಎನ್ನುವುದು ಉಕ್ಕಿನ ಮೇಲಿನ ತೆಳು ಆಕ್ಸೈಡ್ ಪದರ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಉಪಕಾರ.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ಹಳತಾದರೆ ಕಮಟು ಹಿಡಿದು ಆಮ್ಲವಾಗುತ್ತದೆ. ಕಡಲೆಕಾಯಿ ಎಣ್ಣೆ ಅಂಟಾಗಿ ಟ್ರಿಗರ್ ಭಾಗವನ್ನೇ ಕಚ್ಚಿಸುತ್ತದೆ. ಗಾಡಿಯ ಹಳೇ ಇಂಜಿನ್ ಆಯಿಲಿನಲ್ಲಿ ಸುಟ್ಟ ಇಂಧನದ ಆಮ್ಲ ಇರುವುದರಿಂದ ಅದಂತೂ ಬೇಡವೇ ಬೇಡ. ಡಬ್ಲ್ಯೂಡಿ-40 ನೀರನ್ನು ಓಡಿಸಲು ಒಳ್ಳೆಯದು, ಹೆಸರಿನಲ್ಲಿರುವುದೂ ಅದೇ ಕೆಲಸ. ಆದರೆ ಅದರ ಹೆಚ್ಚಿನ ಪಾಲು ಆರಿಹೋಗಿ ಉಳಿಯುವ ಪದರ ತೀರ ತೆಳು. ಹೊಲಿಗೆ ಮೆಷಿನ್ ಎಣ್ಣೆ ಶುದ್ಧವೇ, ಆದರೆ ನೀರಿನಂತೆ ಇಳಿದುಹೋಗುತ್ತದೆ. ಕೆಲವು ವಾರಕ್ಕಾದರೆ ಸರಿ. ನಾಲ್ಕು ತಿಂಗಳ ಮಳೆಗೆ ಗನ್ ಆಯಿಲ್, ಅದರ ಮೇಲೆ ತೆಳುವಾಗಿ ಗ್ರೀಸ್ ಬೇಕು. ಗ್ರೀಸ್ ಬದಲು ಮೆಡಿಕಲ್ ಶಾಪಿನ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯೂ ನಡೆಯುತ್ತದೆ.

ಹಚ್ಚುವ ಮೊದಲು ತೊಳೆಯುವ ಕೆಲಸ ಸರಿಯಾಗಬೇಕು. ಎರಡು ಚೇಂಬರೂ ಖಾಲಿ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತರಿ ಮಾಡಿಕೊಳ್ಳಿ. ನಳಿಗೆಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹಿತ್ತಾಳೆ ಬ್ರಷ್ಷನ್ನು ಚೇಂಬರ್ ಕಡೆಯಿಂದ ತೂರಿಸಿ ಉಜ್ಜಿ. ಬಿಳಿ ಬಟ್ಟೆ ಹಾಕಿದರೆ ಬಿಳಿಯಾಗಿಯೇ ಬರುವವರೆಗೆ ಬಿಡಬೇಡಿ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಸೀಮೆಎಣ್ಣೆ ಸಾಲದು. ಕಪ್ಪು ಮದ್ದು ಸುಟ್ಟಮೇಲೆ ಉಳಿಯುವ ಲವಣಗಳು ತೇವ ಎಳೆಯುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೆ ಕುದಿನೀರು, ಸ್ವಲ್ಪ ಸೋಪೇ ಮದ್ದು. ನಳಿಗೆ ಬಿಸಿಯಾದರೆ ತಾನೇ ಆರುತ್ತದೆ. ಪೂರ್ತಿ ಆರಿದ ಮೇಲೆಯೇ ಎಣ್ಣೆ. ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೆಳಗೆ, ಫೈರಿಂಗ್ ಪಿನ್ನಿನ ತೂತು, ಹಿಂಜಿನ ಪಿನ್ನು, ಮುಂಭಾಗದ ಮರದ ಅಡಿ ಇವೇ ತುಕ್ಕಿನ ತವರು, ಕಣ್ಣಿಗೆ ಬೀಳದ ಜಾಗ. ಕೈಗೆ ಗ್ಲೌಸ್ ಇರಲಿ. ಮರಕ್ಕೆ ಎಣ್ಣೆ ತಾಗದಂತೆ ನೋಡಿಕೊಳ್ಳಿ. ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಮರದ ಕತ್ತಿನ ಭಾಗ ಮೆತ್ತಗಾಗುತ್ತದೆ.

ನಳಿಗೆಯೊಳಗೆ ಗ್ರೀಸ್ ಇದೆ ಎಂದು ಒಂದು ಚೀಟಿ ಬರೆದು ಟ್ರಿಗರ್ ಗಾರ್ಡಿಗೆ ಕಟ್ಟಿ. ರಾತ್ರಿ ಹಂದಿ ಬಂತೆಂದು ಗಡಿಬಿಡಿಯಲ್ಲಿ ಹಾಗೇ ತೋಟಾ ತುಂಬಿ ಹೊಡೆದರೆ ಒತ್ತಡ ಏರಿ ನಳಿಗೆ ಒಡೆಯಬಹುದು.

ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟಿದ್ದೆವು, ಆದರೂ ತುಕ್ಕು ಹಿಡಿಯಿತು ಎನ್ನುವವರೇ ಹೆಚ್ಚು. ಇಲ್ಲಿ ಲೆಕ್ಕ ನೋಡಬೇಕು. 300 ಲೀಟರಿನ ಒಂದು ಪೆಟ್ಟಿಗೆಯ ಗಾಳಿಯಲ್ಲಿ ಎಷ್ಟೇ ತೇವವಿದ್ದರೂ ಇರುವ ನೀರು ಆರೇಳು ಗ್ರಾಂ. ಅರ್ಧ ಕೆಜಿ ಜೆಲ್ಲು ನೂರು ಗ್ರಾಂಗಿಂತ ಹೆಚ್ಚು ಹೀರುತ್ತದೆ. ಹಾಗಿದ್ದರೆ ಧಾರಾಳವಾಯಿತಲ್ಲ? ಇಲ್ಲ. ಮಳೆಗಾಲದಲ್ಲಿ ಕೋವಿಯ ಮರದಲ್ಲೇ ಶೇ. 20ರಷ್ಟು ನೀರಿರುತ್ತದೆ. ತೇವಾಂಶ ಶೇ. 50ಕ್ಕೆ ಇಳಿಯುವಷ್ಟರಲ್ಲಿ ಒಂದು ಕೆಜಿ ಮರ ಸುಮಾರು ನೂರು ಗ್ರಾಂ ನೀರು ಬಿಡುತ್ತದೆ. ಜುಲೈನಲ್ಲಿ ಮುಚ್ಚಿದ ಪೆಟ್ಟಿಗೆಯ ಜೆಲ್ಲು ಮರದ ನೀರಿಗೇ ಮುಗಿದುಹೋಗುತ್ತದೆ. ಆದ್ದರಿಂದ ಮುಚ್ಚುವ ಕೆಲಸ ಏಪ್ರಿಲ್‌ನ ಒಣ ಮಧ್ಯಾಹ್ನವೇ ಆಗಲಿ. ಆಗ ಕೋವಿ ಜಮಾ ಆಗಿದ್ದರೆ, ವಾಪಸ್ ತಂದ ವಾರದಲ್ಲಿ ಒಮ್ಮೆ ಜೆಲ್ಲು ಬದಲಿಸಲೇಬೇಕು. ಪೆಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್ ಇರಬೇಕು. ಸಂದಿಯಿರುವ ಬೀರುವಿನಲ್ಲಿ ಜೆಲ್ಲು ಇಡೀ ಮನೆಯ ಗಾಳಿಯನ್ನು ಒಣಗಿಸಲು ಹೊರಡುತ್ತದೆ. ಕಿತ್ತಳೆ ಜೆಲ್ಲು ಹಸಿರಾದರೆ, ನೀಲಿಯದು ಗುಲಾಬಿಯಾದರೆ ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇದೆ, ಅಡುಗೆ ಪಾತ್ರೆಗೆ ಹಾಕಬೇಡಿ.

ಪೆಟ್ಟಿಗೆ ಸಿಗದವರು ಬೀರುವಿನ ತಳದಲ್ಲಿ ಕಡಿಮೆ ವ್ಯಾಟಿನ ಹೀಟರ್ ರಾಡ್ ಇಡುತ್ತಾರೆ. 22 ಡಿಗ್ರಿಯಲ್ಲಿ ಶೇ. 90 ತೇವಾಂಶದ ಗಾಳಿ 30 ಡಿಗ್ರಿಗೆ ಬಿಸಿಯಾದರೆ ಸುಮಾರು ಶೇ. 56ಕ್ಕೆ ಇಳಿಯುತ್ತದೆ, ಉಪಾಯವೇನೋ ಸರಿ. ಆದರೆ ಗಾಳಿಮಳೆಗೆ ಕಂಬ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಅದನ್ನೊಂದನ್ನೇ ನಂಬಿ ಕೂರಲಾಗದು. ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತಂದಿಡಿ, ಮುಳ್ಳಿನದಕ್ಕಿಂತ ವಾಸಿ. 40ರಿಂದ 50ರ ನಡುವೆ ನಿಂತರೆ ಉಕ್ಕಿಗೂ ಕ್ಷೇಮ, ಮರವೂ ಸೀಳುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ.

ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಗೊಬ್ಬರ, ಮೈಲುತುತ್ತ ಇಡುವ ಗೋಡೌನಿಗೆ ಕೋವಿ ಸೇರಲೇಬಾರದು. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು, ಅದರ ಧೂಳು ಕೂತಲ್ಲಿ ತುಕ್ಕು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಪುಡಿ ತೇವದಲ್ಲಿ ಉಕ್ಕಿಗೆ ತಾಗಿದರೆ ಉಕ್ಕು ಕರಗಿ ಅಲ್ಲಿ ತಾಮ್ರ ಕೂರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗೇನೋ ಇರುತ್ತದೆ, ಆದರೆ ಸೌದೆ ಹೊಗೆಯಲ್ಲಿ ಆಮ್ಲವಿದೆ. ಆಯುಧಪೂಜೆಯ ಒದ್ದೆ ಗಂಧ, ಹೂವಿನ ನೀರು, ನಿಂಬೆರಸವನ್ನು ಅವತ್ತೇ ಒರೆಸಿ ಎಣ್ಣೆ ಹಚ್ಚಿ. ಕುಂಕುಮವನ್ನು ಪೆಟ್ಟಿಗೆಗೆ ಇಟ್ಟರೂ ಪೂಜೆ ಸಲ್ಲುತ್ತದೆ.

ತೋಟಾಗಳನ್ನು ಚರ್ಮದ ಬೆಲ್ಟಿನಲ್ಲಿ ಬಿಡಬೇಡಿ, ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಬೇರೆ ಡಬ್ಬಿಯಲ್ಲಿ, ಬೇರೆ ಬೀಗದಲ್ಲಿ ಇಡಿ. ಉಬ್ಬಿದ್ದು, ಚೇಂಬರಿಗೆ ಬಿಗಿಯಾದದ್ದನ್ನು ಒತ್ತಿ ತುರುಕಬೇಡಿ.

ತುಕ್ಕು ಆಗಲೇ ಬಂದಿದ್ದರೆ ಎಮರಿ ಪೇಪರ್ ಮುಟ್ಟಬೇಡಿ. ಮೇಲ್ಮೈಯ ತುಕ್ಕಿಗೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ನಾಲ್ಕು ಸೊನ್ನೆಯ (0000), ಅಂದರೆ ಅತಿ ನಯವಾದ ಸ್ಟೀಲ್ ವೂಲಿನಲ್ಲಿ ಹಗುರವಾಗಿ ಉಜ್ಜಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಒರಟು, ಬ್ಲೂಯಿಂಗನ್ನೇ ಕಿತ್ತುಹಾಕುತ್ತದೆ. ನಳಿಗೆಯೊಳಗೆ ಗುಳಿ ಕಂಡರೆ ಲೇತ್ ವರ್ಕ್‌ಶಾಪಿಗೆ ಒಯ್ಯಬೇಡಿ. ಕೊರೆದಷ್ಟೂ ಗೋಡೆ ತೆಳುವಾಗುತ್ತದೆ, ಮೇಲಾಗಿ ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡುವುದು ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಹೊಸದಾಗಿ ಕಪ್ಪು ಮಾಡಿಸುವುದಾದರೂ ಜೋಡು ನಳಿಗೆಗೆ ಬಿಸಿ ಕಾಸ್ಟಿಕ್ ಬ್ಲೂಯಿಂಗ್ ಬೇಡ ಎಂದು ಮೊದಲೇ ಹೇಳಿ. ಆ ದ್ರಾವಣ ತವರದ ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿ ಕಳಚಿಕೊಳ್ಳುತ್ತದೆ.

ಮುಂದಿನ ಚುನಾವಣೆಗೆ ಜಮಾ ಮಾಡುವಾಗ ಗ್ರೀಸ್ ಹಚ್ಚಿ, ಸ್ಪಂಜಿನ ಕವರ್ ಬದಲು ತುಕ್ಕು ನಿರೋಧಕ ವಿಸಿಐ ಚೀಲದಲ್ಲಿ ಹಾಕಿಕೊಡಿ. ನಳಿಗೆಯ ನಂಬರು ಕಾಣುವಂತೆ ಫೋಟೋ ತೆಗೆದುಕೊಳ್ಳಿ, ಕೋವಿಯ ಸ್ಥಿತಿಯನ್ನು ರಸೀತಿಯಲ್ಲಿ ಬರೆಸಿಕೊಳ್ಳಿ, ವಾಪಸ್ ತರುವಾಗ ಸಹಿ ಹಾಕುವ ಮೊದಲು ಅಲ್ಲೇ ಬಿಚ್ಚಿ ನೋಡಿ.