ಮರದ ಕಾರಿನ ಇರುಸಿಗೆ ನೇರ ತೂತು: ಕೌಲ್ ಬಜಾರ್‌ನ ಒಂದು ವರ್ಕ್‌ಶಾಪ್

ಬೇಸಿಗೆ ರಜೆಯಲ್ಲಿ ಮಕ್ಕಳಿಂದ ಮರದ ಕಾರು ಮಾಡಿಸಿ, ಇಳಿಜಾರು ಹಲಗೆಯ ಮೇಲೆ ಪಂದ್ಯ ಇಡುತ್ತೇನೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಕಬ್ ಸ್ಕೌಟ್ (ಸ್ಕೌಟ್‌ನ ಚಿಕ್ಕ ಮಕ್ಕಳ ವಿಭಾಗ) ಹುಡುಗರಿಗಾಗಿ ಶುರುವಾದ ಪೈನ್‌ವುಡ್ ಡರ್ಬಿ ಎಂಬ ಮರದ ಕಾರಿನ ಪಂದ್ಯದ ಅಳತೆಗಳೇ ನಮ್ಮವೂ: 7 ಇಂಚು ಉದ್ದದ ಮರದ ತುಂಡು, ಇರುಸಿಗೆ ಮೊಳೆ, ತೂಕ 5 ಔನ್ಸ್ ಅಂದರೆ ಸುಮಾರು 142 ಗ್ರಾಂ ಮೀರುವಂತಿಲ್ಲ. ಎಂಜಿನ್ ಇಲ್ಲದ ಕಾರಿದು. ಇರುಸು ಓರೆಯಾದರೆ ಗಾಲಿ ಹಲಗೆಯ ಮೇಲಿನ ನಡುಪಟ್ಟಿಗೆ ಉಜ್ಜಿ ಇದ್ದ ವೇಗವೂ ಹೋಗುತ್ತದೆ.

ಈ ಸಲ ತೂತುಗಳನ್ನು ಬಳ್ಳಾರಿ ಕೌಲ್ ಬಜಾರ್‌ನ ಬಡಗಿ ಮೇಸ್ತ್ರಿಯೊಬ್ಬರ ಹತ್ತಿರ ಹಾಕಿಸಿದೆ. ಬೋರ್ಡೂ ಇಲ್ಲದ ಅಂಗಡಿ. "ಕೆತ್ತೋದು ಆಮೇಲ್ರಿ ಅಕ್ಕಾರ, ಮೊದಲು ತೂತು" ಅಂದರು. ಸರಿಯಾದ ಮಾತು. ಚೌಕ ತುಂಡು ಮಷಿನ್ ಮೇಲೆ ಅಲುಗದೆ ಕೂರುತ್ತದೆ; ಮೂತಿ ಕೆತ್ತಿದ ಮೇಲೆ ಆನಿಸಲು ನೇರ ಮುಖವೇ ಸಿಗುವುದಿಲ್ಲ.

ಮೂಲೆಮಟ್ಟ ಹಿಡಿದು ಡ್ರಿಲ್ಲಿಂಗ್ ಮಷಿನ್‌ನ ಮೇಜು ಕೊರೆಯುವ ಬಿಟ್‌ಗೆ ನೇರ ಇದೆಯೇ ಎಂದು ಎರಡು ದಿಕ್ಕಿನಿಂದ ನೋಡಿದರು. ನನ್ನ ಮೊಳೆಯನ್ನು ಅಳೆದು 2.2 ಮಿ.ಮೀ. ಬಿಟ್ ಆರಿಸಿದರು. ನಮ್ಮ ತುಂಡಿನ ಪೈನ್ ಮರದಲ್ಲಿ ಮೆತ್ತನೆ ಎಳೆ, ಗಟ್ಟಿ ಎಳೆ ಅಕ್ಕಪಕ್ಕ ಇರುವುದರಿಂದ ಸಣ್ಣ ಬಿಟ್ ಮೆತ್ತನೆ ಕಡೆಗೆ ಜಾರುತ್ತದೆ. ಅದಕ್ಕೇ ಮೊದಲು ಚೂಪು ದಬ್ಬಳದಿಂದ ಗುಳಿ ಮಾಡಿ, ಬಿಟ್ಟನ್ನು ಗಿಡ್ಡವಾಗಿ ಕಚ್ಚಿಸಿ, ಸ್ವಲ್ಪ ಸ್ವಲ್ಪವೇ ಇಳಿಸಿ ಹೊಟ್ಟು ತೆಗೆಯುತ್ತ ಕೊರೆದರು.

ನನಗೆ ತುಂಬ ಮೆಚ್ಚುಗೆಯಾದದ್ದು ಇನ್ನೊಂದು ಮಗ್ಗುಲಿನ ಕೆಲಸ. ಅಷ್ಟು ಸಣ್ಣ ಬಿಟ್ ಆಚೆಗೆ ತಲುಪದು, ಹಾಗಾಗಿ ಎರಡೂ ಕಡೆಯಿಂದ ಬೇರೆ ಬೇರೆ ಕೊರೆಯಬೇಕು. ಕಾರಿನ ತಳವನ್ನೇ ಎರಡೂ ಸಲ ಮಷಿನ್ ಮೇಜಿನ ಹಿಂದಿನ ಪಟ್ಟಿಗೆ ಒತ್ತಿ ಹಿಡಿದರು. ತುಂಡು ಮಗುಚಿದಾಗ ಮೂತಿ ಎಡದಿಂದ ಬಲಕ್ಕೆ ಬರುತ್ತದಲ್ಲ, ಮೊದಲು ಬಳಸಿದ ಅಳತೆ ಕಟ್ಟಿಗೆಯನ್ನೇ ಆ ಬದಿಗಿಟ್ಟು ತಡೆ ಕೂರಿಸಿದರು. ಟೇಪು ಮತ್ತೆ ಹಿಡಿಯಲೇ ಇಲ್ಲ. ಎರಡೂ ತೂತಿಗೆ ಬಿಟ್‌ಗಳ ಹಿಂಬದಿ ಸಿಕ್ಕಿಸಿ ಮೇಲಿನಿಂದ ನೋಡಿದೆ, ಒಂದೇ ಗೆರೆ.

ಕಾರಿಗೆ 80 ರೂಪಾಯಿ. ಬಾಗಿಲು, ಕಿಟಕಿ ಕೆಲಸ ಬಂದಾಗ ನಿಮ್ಮ ತುಂಡು ಕಾಯಬೇಕಾಗುತ್ತದೆ, ಪಂದ್ಯದ ಹಿಂದಿನ ದಿನ ಹೋಗಬೇಡಿ. ಗಾಲಿ ಕೂರಿಸುವುದು, ಅದು ಸಲೀಸಾಗಿ ತಿರುಗಲು ಗ್ರಾಫೈಟ್ ಪುಡಿ ಹಾಕುವುದು ನಿಮ್ಮದೇ. ಹೋಗುವಾಗ ಕಾರಿನ ಕಿಟ್‌ನಲ್ಲಿ ಬಂದ ಇರುಸಿನ ಮೊಳೆ ಒಯ್ಯಿರಿ, ತುಂಡಿನ ಮೇಲೆ ತಳ ಯಾವುದು, ಮುಂದೆ ಯಾವುದು ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ.