ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂ: ಭರ್ಹುತ್ ಗ್ಯಾಲರಿಗೆ ಬಿಡುವು ಮಾಡಿಕೊಂಡೇ ಹೋಗಿ

ಕೋಲ್ಕತ್ತಾದ ಚೌರಂಗಿಯಲ್ಲಿರುವ ಇಂಡಿಯನ್ ಮ್ಯೂಸಿಯಂ 1814ರಲ್ಲಿ ಆರಂಭವಾದದ್ದು. ದೇಶದ ಅತ್ಯಂತ ಹಳೆಯ ವಸ್ತುಸಂಗ್ರಹಾಲಯವೆಂಬ ಹಿರಿಮೆ ಅದರದು. ಬಂದವರಲ್ಲಿ ಬಹಳ ಮಂದಿ ಈಜಿಪ್ಟಿನ ಮಮ್ಮಿಯನ್ನೂ ಪ್ರಾಣಿಗಳ ಅಸ್ಥಿಪಂಜರಗಳನ್ನೂ ನೋಡುವ ಆತುರದಲ್ಲಿರುತ್ತಾರೆ. ನನ್ನನ್ನು ಕೇಳಿದರೆ, ನೆಲಮಹಡಿಯ ಭರ್ಹುತ್ ಗ್ಯಾಲರಿ ಒಂದನ್ನೇ ನೋಡಿ ಹಿಂದಿರುಗಿದರೂ ಪ್ರಯಾಣ ಸಾರ್ಥಕ.

ಭರ್ಹುತ್ ಇರುವುದು ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ. ಕ್ರಿಸ್ತಪೂರ್ವ 2ನೆಯ ಶತಮಾನದ ಆಸುಪಾಸಿನಲ್ಲಿ ಅಲ್ಲಿನ ಬೌದ್ಧ ಸ್ತೂಪದ ಸುತ್ತ ಕೆಂಪು ಮರಳುಗಲ್ಲಿನ ಕಟಾಂಜನವನ್ನು ನಿಲ್ಲಿಸಿದ್ದರು. 1873ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದನ್ನು ಗುರುತಿಸುವ ವೇಳೆಗೆ ಸುತ್ತಲಿನ ಊರುಗಳವರು ಮನೆ ಕಟ್ಟಲು ಕಲ್ಲುಗಳನ್ನು ಸಾಗಿಸಿಬಿಟ್ಟಿದ್ದರು. ಉಳಿದದ್ದರಲ್ಲಿ ಬಹುಪಾಲು ಕೋಲ್ಕತ್ತಾಗೆ ಬಂದು, ಪೂರ್ವದಿಕ್ಕಿನ ತೋರಣದ (ಕಲ್ಲಿನ ಹೆಬ್ಬಾಗಿಲಿನ) ಸಮೇತ ಈ ಗ್ಯಾಲರಿಯಲ್ಲಿ ಮತ್ತೆ ಎದ್ದು ನಿಂತಿದೆ. ನಮ್ಮ ತಲೆಗಿಂತ ಎತ್ತರದ ಕಂಬಗಳ ನಡುವೆ ನಡೆಯುವಾಗ ಪ್ರದಕ್ಷಿಣೆ ಹಾಕುತ್ತಿದ್ದವರಿಗೆ ಈ ಶಿಲ್ಪಗಳು ಹೇಗೆ ಕಂಡಿರಬಹುದೆಂಬ ಅಂದಾಜು ಸಿಗುತ್ತದೆ.

ಇಲ್ಲಿಯ ನಿಜವಾದ ಸಂಪತ್ತು ಎಂದರೆ ಶಿಲ್ಪಗಳ ಪಕ್ಕದಲ್ಲೇ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೊರೆದಿರುವ ಪುಟ್ಟ ಪುಟ್ಟ ಬರಹಗಳು. ವರ್ತಕ ಅನಾಥಪಿಂಡಿಕನು ಬುದ್ಧನ ಸಂಘಕ್ಕೆ ಕೊಟ್ಟ ಜೇತವನವೆಂಬ ಉದ್ಯಾನದ ದಾನವನ್ನು ತೋರಿಸುವ ವೃತ್ತಫಲಕವನ್ನೇ ನೋಡಿ. ಅನಾಥಪಿಂಡಿಕನು ನೆಲದ ಮೇಲೆ ಕೋಟಿ ಹಾಸಿ ಕೊಂಡುಕೊಂಡ ಜೇತವನವನ್ನು ದಾನ ಮಾಡುತ್ತಿದ್ದಾನೆ ಎಂದು ಬರಹ ಹೇಳುತ್ತದೆ. ಗಾಡಿಯಿಂದ ಬಿಚ್ಚಿದ ಎತ್ತುಗಳು ಒಂದು ಬದಿಯಲ್ಲಿ ದಣಿವಾರಿಸಿಕೊಳ್ಳುತ್ತಿವೆ, ಆಳುಗಳು ಚೌಕಾಕಾರದ ನಾಣ್ಯಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದರಂತೆ ಜೋಡಿಸುತ್ತಿದ್ದಾರೆ, ನಡುವೆ ಅನಾಥಪಿಂಡಿಕ ಧಾರೆ ಎರೆಯಲು ಗಿಂಡಿ ಹಿಡಿದು ನಿಂತಿದ್ದಾನೆ. ಎರಡು ಕುಟಿಗಳಿಗೆ ಗಂಧಕುಟಿ, ಕೋಸಂಬಕುಟಿ ಎಂದು ಹೆಸರನ್ನೂ ಕೊರೆದಿದ್ದಾರೆ. ಬುದ್ಧ ಮಾತ್ರ ಇಲ್ಲಿ ಎಲ್ಲೂ ಮನುಷ್ಯರೂಪದಲ್ಲಿ ಕಾಣುವುದಿಲ್ಲ. ಖಾಲಿ ಆಸನ, ಬೋಧಿವೃಕ್ಷ, ಹೆಜ್ಜೆಗುರುತು, ಇಷ್ಟರಲ್ಲೇ ಅವನಿದ್ದಾನೆ.

ಸಂಗೀತದಲ್ಲಿ ಆಸಕ್ತಿಯಿರುವವರು ಅಪ್ಸರೆಯರ ಫಲಕದ ಮುಂದೆ ಬಹಳ ಹೊತ್ತು ನಿಲ್ಲಬೇಕು. ಅಲಂಬುಸಾ, ಮಿಶ್ರಕೇಶಿ, ಪದ್ಮಾವತಿ, ಸುಭದ್ರಾ ಎಂದು ನರ್ತಕಿಯರ ಹೆಸರುಗಳು ಅಲ್ಲೇ ಇವೆ. ಅವರ ಕಾಲ ಬಳಿ ಒಂದು ಮಗುವೂ ಹೆಜ್ಜೆ ಹಾಕುತ್ತಿದೆ. ಕುಳಿತ ಮೇಳದವರ ಕೈಯಲ್ಲಿರುವ ವೀಣೆ ಇಂದು ನಮ್ಮ ಕಛೇರಿಗಳಲ್ಲಿ ಕಾಣುವ ಮೆಟ್ಟಿಲು ಕಟ್ಟಿದ ವೀಣೆಯಲ್ಲ, ಬಿಲ್ಲಿನಂತೆ ಬಾಗಿದ ದಂಡಕ್ಕೆ ತಂತಿ ಬಿಗಿದ, ಈಗ ನಮ್ಮ ವಾದ್ಯಗೋಷ್ಠಿಯಿಂದ ಮರೆಯಾಗಿರುವ ಹಳೆಯ ವೀಣೆ. ಗ್ರಂಥಗಳಲ್ಲಿ ಓದಿ ಊಹಿಸಿಕೊಳ್ಳಬೇಕಾದ ವಾದ್ಯವನ್ನು ಇಲ್ಲಿ ನುಡಿಸುವ ಭಂಗಿಯ ಸಮೇತ ನೋಡಬಹುದು.

ಸಾಹಿತ್ಯದ ವಿದ್ಯಾರ್ಥಿಗಳಿಗಂತೂ ಇದು ತೆರೆದ ಪುಸ್ತಕ. ಇಲ್ಲಿ ಕೆತ್ತಿರುವ ಜಾತಕ ಕಥೆಗಳು, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು, ಜನರ ಬಾಯಲ್ಲಿ ಎಷ್ಟು ಹಳೆಯವು ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ. ದಾನಶಾಸನಗಳನ್ನು ಓದಿದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ: ದಾನಿಗಳ ಸಾಲಿನಲ್ಲಿ ವಿದಿಶೆಯ ರೇವತಿಮಿತ್ರನ ಹೆಂಡತಿ ಚಾಪದೇವಿಯಂತಹ ಗೃಹಿಣಿಯರ ಜೊತೆಗೆ, ಧರ್ಮಗ್ರಂಥಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದ ಭಾಣಕರೂ, ಬೌದ್ಧ ಧರ್ಮಗ್ರಂಥಗಳಾದ ಪಿಟಕಗಳನ್ನು ಬಲ್ಲವರೂ ಇದ್ದಾರೆ. ಕಥೆ ಹೇಳಿದವರು, ಕೇಳಿದವರು, ಅದನ್ನು ಕಲ್ಲಿಗಿಳಿಸಲು ಹಣ ಕೊಟ್ಟವರು, ಎಲ್ಲರೂ ಒಂದೇ ಕಟಾಂಜನದಲ್ಲಿ ಸಿಗುವ ಇಂತಹ ಇನ್ನೊಂದು ಗ್ಯಾಲರಿಯನ್ನು ನಾನು ಕಂಡಿಲ್ಲ.

ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳುವುದಾದರೆ ಮೊದಲೇ ವಿಚಾರಿಸಿಕೊಳ್ಳಿ. ಪ್ರವಾಸದ ಏಜೆಂಟರೊಬ್ಬರು ನಮಗೆ ಜೊತೆಮಾಡಿಕೊಟ್ಟವರು ಇಡೀ ಗ್ಯಾಲರಿಯನ್ನು ಕಾಲು ಗಂಟೆಯಲ್ಲಿ ಮುಗಿಸಿದರು, ಬರಹಗಳ ವಿಷಯವನ್ನು ಎತ್ತಲೇ ಇಲ್ಲ; ಅವರನ್ನು ಕಳಿಸಿಕೊಟ್ಟು ನಾವೇ ಮತ್ತೆ ಮೊದಲಿನಿಂದ ನೋಡಬೇಕಾಯಿತು. ನಾಲ್ಕಾರು ಜಾತಕ ಕಥೆಗಳನ್ನು ಓದಿಕೊಂಡು, ಬರಹಗಳ ಅನುವಾದವನ್ನು ಜೊತೆಗಿಟ್ಟುಕೊಂಡು ಹೋದರೆ ಯಾರ ಹಂಗೂ ಬೇಕಿಲ್ಲ. ಸೋಮವಾರ ರಜೆ. ಪಾರ್ಕ್ ಸ್ಟ್ರೀಟ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು.

ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪವನ್ನು ನೋಡಿದವರಿಗೆ ಭರ್ಹುತ್ ಇನ್ನಷ್ಟು ಹತ್ತಿರವಾಗುತ್ತದೆ, ಏಕೆಂದರೆ ‘ರಾಯೊ ಅಸೋಕೊ’ ಎಂದು ಅಶೋಕನ ಶಿಲ್ಪಕ್ಕೆ ಹೆಸರು ಬರೆದಿರುವ ಅಲ್ಲಿನ ಸುಣ್ಣಕಲ್ಲಿನ ಫಲಕಗಳೂ ಇದೇ ಪದ್ಧತಿಯವು. ಅದನ್ನು ಇನ್ನೂ ನೋಡದವರು ಕೋಲ್ಕತ್ತಾಗೆ ಹೊರಡುವ ಮುನ್ನ ಒಮ್ಮೆ ಸನ್ನತಿಗೆ ಹೋಗಿಬರುವುದು ಒಳ್ಳೆಯದು.